ತಾಯ್ತನ ಮತ್ತು ಎಲುಬಿನ ಋಣ

ಮಾತೃಋಣವು ತೀರದ ಋಣವೆಂಬ ಮಾತನ್ನು ನಾವೆಲ್ಲರೂ ಬಾಲ್ಯದಿಂದ ಕೇಳುತ್ತ ಬಂದಿದ್ದೇವೆ. ಸಭೆಗಳಲ್ಲಿ ಆಡುತ್ತೇವೆ, ಮಕ್ಕಳಿಂದ ಪ್ರಬಂಧಗಳಲ್ಲಿ ಬರೆಸುತ್ತೇವೆ. ಆದರೆ ಆ ಋಣದ ಒಂದು ಅಂಶವನ್ನು ತಕ್ಕಡಿಯಲ್ಲಿಟ್ಟು ತೂಗಬಹುದೆಂಬುದು ನನಗೆ ಐವತ್ತು ಕಳೆದ ಮೇಲೆ ತಿಳಿಯಿತು. ನವಮಾಸ ತುಂಬಿ ಹುಟ್ಟಿದ ಶಿಶುವಿನ ಎಲುಬುಗಳಲ್ಲಿ ಸುಮಾರು ೩೦ ಗ್ರಾಂ ಸುಣ್ಣದ ಸತ್ವ, ಅಂದರೆ ಕ್ಯಾಲ್ಸಿಯಂ, ಇರುತ್ತದೆ. ಅದರ ಕಣಕಣವೂ ತಾಯಿಯ ದೇಹದಿಂದ ಬಂದುದು.

ಈ ವಿಷಯವನ್ನು ಕುರಿತು ಬರೆಯಲು ನನಗೆ ಅಧಿಕಾರವಿದೆಯೆ ಎಂದು ವಾಚಕರು ಕೇಳಿದರೆ ತಪ್ಪಲ್ಲ. ನಾನು ವೈದ್ಯನಲ್ಲ, ವ್ಯಾಕರಣ, ಛಂದಸ್ಸು, ಕಾವ್ಯಗಳನ್ನು ಪಾಠ ಹೇಳುವವನು. ಆದರೆ ಮನೆಯ ಎರಡು ಪ್ರಸಂಗಗಳು ನನ್ನನ್ನು ಈ ಅಧ್ಯಯನಕ್ಕೆ ಎಳೆದವು. ನನ್ನ ತಾಯಿಯವರು ಏಳು ಮಕ್ಕಳನ್ನು ಹೆತ್ತವರು. ಅರವತ್ತು ತುಂಬುವಷ್ಟರಲ್ಲಿ ಅವರ ಬೆನ್ನು ಬಾಗಿತ್ತು. ಒಂದು ಮುಂಜಾನೆ ಅಂಗಳದಲ್ಲಿ ಕಾಲು ಜಾರಿ ಬಿದ್ದು ತೊಡೆಯ ಎಲುಬು ಮುರಿದುಕೊಂಡವರು ಮತ್ತೆ ನೆಟ್ಟಗೆ ನಡೆಯಲಿಲ್ಲ. ‘ಹಡೆದು ಹಡೆದು ಎಲುಬು ಸವೆದಾವು’ ಎಂದು ನೆರೆಹೊರೆಯವರು ಮರುಗಿದರು. ನಾನೂ ಹಾಗೆಯೇ ನಂಬಿದೆ. ಅನೇಕ ವರ್ಷಗಳ ತರುವಾಯ ನನ್ನ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಕೂಸಿಗೆ ನಾಲ್ಕು ತಿಂಗಳು ತುಂಬುತ್ತಿದ್ದಂತೆ ಮನೆಯ ಹಿರಿಯರೊಬ್ಬರು, ‘ಅಜ್ಜಿಯ ಗತಿ ಮೊಮ್ಮಗಳಿಗೂ ಬಾರದಿರಲಿ, ಈಗಲೇ ಎದೆಹಾಲು ಬಿಡಿಸಿರಿ’ ಎಂದು ಹಟ ಹಿಡಿದರು. ಕೂಸನ್ನು ನೋಡಲು ಬಂದ ವೈದ್ಯೆ ಆ ಮಾತನ್ನು ಕೇಳಿ ನಕ್ಕು, ‘ತಾಯ್ತನ ಎಲುಬನ್ನು ಕದಿಯುವುದಿಲ್ಲ, ಕಡ ಪಡೆಯುತ್ತದೆ, ತಿರುಗಿ ಕೊಡುತ್ತದೆ’ ಎಂದರು. ಆ ಒಂದು ವಾಕ್ಯದ ಅರ್ಥವನ್ನು ಅರಸಿಕೊಂಡು ಹೋದುದರ ಫಲವೇ ಈ ಲೇಖನ.

೧. ಎಲುಬೆಂಬ ಭಂಡಾರ

ನಮ್ಮ ಆಯುರ್ವೇದಾಚಾರ್ಯರು ರಸ, ರಕ್ತ, ಮಾಂಸ, ಮೇದಸ್ಸು, ಅಸ್ಥಿ, ಮಜ್ಜೆ, ಶುಕ್ರ ಎಂದು ಸಪ್ತಧಾತುಗಳನ್ನು ಹೇಳಿ ಅಸ್ಥಿಗೆ ಐದನೆಯ ಸ್ಥಾನವನ್ನು ಕೊಟ್ಟರು. ಚರಕರು ಎಲುಬುಗಳನ್ನು ೩೬೦ ಎಂದೂ ಸುಶ್ರುತರು ೩೦೦ ಎಂದೂ ಎಣಿಸಿದರು. ಪ್ರಾಪ್ತವಯಸ್ಕರಲ್ಲಿ ೨೦೬ ಎಂದು ಇಂದಿನ ಶಾರೀರಶಾಸ್ತ್ರ ಹೇಳುತ್ತದೆ. ಹಲ್ಲು, ಮೃದ್ವಸ್ಥಿ ಮೊದಲಾದವನ್ನು ಸೇರಿಸಿಯೋ ಬಿಟ್ಟೋ ಎಣಿಸಿದುದೇ ಈ ಭೇದಕ್ಕೆ ಮುಖ್ಯ ಕಾರಣ. ಆದರೆ ನಮ್ಮ ಇಂದಿನ ವಿಷಯಕ್ಕೆ ಎಣಿಕೆಗಿಂತ ಧಾತುವೆಂಬ ಶಬ್ದವೇ ಮುಖ್ಯ. ‘ಧಾ’ ಎಂದರೆ ಧರಿಸುವುದು, ಪೋಷಿಸುವುದು. ಎಲುಬು ದೇಹವನ್ನು ಹೊರುವ ಕಂಬ ಮಾತ್ರವಲ್ಲ. ಅದು ದೇಹದ ಭಂಡಾರವೂ ಹೌದು.

ಪ್ರಾಪ್ತವಯಸ್ಕಳಾದ ಸ್ತ್ರೀಯ ದೇಹದಲ್ಲಿ ಸುಮಾರು ೧ ಕಿಲೋಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಅದರಲ್ಲಿ ನೂರಕ್ಕೆ ೯೯ ಭಾಗ ಎಲುಬು ಮತ್ತು ಹಲ್ಲುಗಳಲ್ಲಿದೆ. ಉಳಿದ ಒಂದು ಭಾಗ ರಕ್ತದಲ್ಲಿಯೂ ಇತರ ಅಂಗಾಂಶಗಳಲ್ಲಿಯೂ ಇದ್ದು ಹೃದಯದ ಮಿಡಿತ, ಸ್ನಾಯುಗಳ ಸಂಕೋಚ, ರಕ್ತ ಹೆಪ್ಪುಗಟ್ಟುವಿಕೆ ಮುಂತಾದ ಕಾರ್ಯಗಳನ್ನು ನಡೆಸುತ್ತದೆ. ರಕ್ತದಲ್ಲಿಯ ಈ ಅಲ್ಪಾಂಶ ಕಡಿಮೆಯಾಗುವುದನ್ನು ದೇಹ ಎಂದಿಗೂ ಸಹಿಸದು. ಆಹಾರದಿಂದ ಬಾರದಿದ್ದರೆ ಭಂಡಾರದ ಬಾಗಿಲು ತೆರೆದು ಎಲುಬಿನಿಂದ ತೆಗೆದುಕೊಳ್ಳುತ್ತದೆ. ಎಲುಬು ಕಲ್ಲಿನಂತೆ ಜಡವಲ್ಲ. ಒಂದು ಬಗೆಯ ಜೀವಕೋಶಗಳು ಅದನ್ನು ಅನುದಿನವೂ ಕರಗಿಸುತ್ತಿರುತ್ತವೆ; ಮತ್ತೊಂದು ಬಗೆಯವು ಕಟ್ಟುತ್ತಿರುತ್ತವೆ. ಕಟ್ಟುವುದು ಹೆಚ್ಚಾದರೆ ಬೆಳವಣಿಗೆ, ಕರಗುವುದು ಹೆಚ್ಚಾದರೆ ಕ್ಷಯ.

೨. ಗರ್ಭಾವಸ್ಥೆಯಲ್ಲಿ ನಡೆಯುವುದೇನು?

ಗರ್ಭಿಣಿಯನ್ನು ಸುಶ್ರುತರು ನಾಲ್ಕನೆಯ ಮಾಸದಿಂದ ‘ದೌಹೃದಿನೀ’, ಎಂದರೆ ಎರಡು ಹೃದಯಗಳುಳ್ಳವಳು, ಎಂದು ಕರೆದರು. ನಾವು ‘ಬಯಕೆ’ ಎನ್ನುವುದನ್ನು ಅವರು ಆ ಎರಡನೆಯ ಹೃದಯದ ಬೇಡಿಕೆಯೆಂದು ತಿಳಿದರು. ಆಧುನಿಕ ವಿಜ್ಞಾನವು ಈ ಬೇಡಿಕೆಯ ಒಂದು ಭಾಗವನ್ನು ಅಳೆದಿದೆ. ಶಿಶುವಿಗೆ ಬೇಕಾದ ೩೦ ಗ್ರಾಂ ಕ್ಯಾಲ್ಸಿಯಮ್ಮಿನಲ್ಲಿ ನೂರಕ್ಕೆ ೮೦ ರಷ್ಟು ಕೊನೆಯ ಮೂರು ತಿಂಗಳುಗಳಲ್ಲಿ ಸಂಚಯವಾಗುತ್ತದೆ. ಆಗ ಕೂಸು ಪ್ರತಿದಿನ ಸುಮಾರು ೩೦೦ ಮಿಲಿಗ್ರಾಮಿನಷ್ಟು ಎಳೆದುಕೊಳ್ಳುತ್ತದೆ.

ಹಾಗಾದರೆ ಅಷ್ಟೂ ತಾಯಿಯ ಎಲುಬಿನಿಂದಲೇ ಹೋಗುತ್ತದೆಯೆ? ಇಲ್ಲ. ಪ್ರಕೃತಿಯ ದೂರದೃಷ್ಟಿ ಇಲ್ಲಿ ಆಶ್ಚರ್ಯಕರವಾಗಿದೆ. ಗರ್ಭ ನಿಂತ ಕೆಲವೇ ವಾರಗಳಲ್ಲಿ ತಾಯಿಯ ದೇಹವು ‘ಡಿ’ ಜೀವಸತ್ವದ ಕ್ರಿಯಾಶೀಲ ರೂಪವನ್ನು ಹೆಚ್ಚಾಗಿ ಉತ್ಪಾದಿಸತೊಡಗುತ್ತದೆ. ತತ್ಪರಿಣಾಮವಾಗಿ ಉಂಡ ಆಹಾರದಿಂದ ಕ್ಯಾಲ್ಸಿಯಮ್ಮನ್ನು ಹೀರಿಕೊಳ್ಳುವ ಕರುಳಿನ ಶಕ್ತಿಯು ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ. ಕೂಸಿಗೆ ಬೇಕಾಗುವುದು ಏಳನೆಯ ತಿಂಗಳಿಗೆ. ತಾಯಿಯ ಕರುಳು ಸಿದ್ಧವಾಗುವುದು ಮೂರನೆಯ ತಿಂಗಳಿಗೆ. ಆದುದರಿಂದ ತಟ್ಟೆಯಲ್ಲಿ ಸಾಕಷ್ಟು ಕ್ಯಾಲ್ಸಿಯಂ ಇದ್ದರೆ ಬಹುಪಾಲು ಬೇಡಿಕೆ ಊಟದಿಂದಲೇ ಪೂರೈಸುತ್ತದೆ. ತಟ್ಟೆ ಬರಿದಾಗಿದ್ದರೆ ಮಾತ್ರ, ಎರಡರಷ್ಟು ಹೀರುವ ಕರುಳು ಹೀರುವುದಾದರೂ ಏನನ್ನು? ಆಗ ಭಂಡಾರಕ್ಕೆ ಕೈ ಹೋಗುತ್ತದೆ.

೩. ಸ್ತನ್ಯಪಾನದ ಕಾಲದಲ್ಲಿ

ಹೆರಿಗೆಯಾದ ಮೇಲೆ ವ್ಯವಸ್ಥೆ ಬದಲಾಗುತ್ತದೆ. ಕರುಳಿನ ಹೆಚ್ಚಿನ ಶಕ್ತಿ ಮೊದಲಿನ ಮಟ್ಟಕ್ಕೆ ಇಳಿಯುತ್ತದೆ. ಆದರೆ ಎದೆಹಾಲಿನ ಮೂಲಕ ದಿನಕ್ಕೆ ೨೦೦ ಮಿಲಿಗ್ರಾಮಿಗೂ ಹೆಚ್ಚು ಕ್ಯಾಲ್ಸಿಯಂ ಹೊರಹೋಗುತ್ತದೆ. ದಿನಕ್ಕೆ ೨೦೦ ರಂತೆ ಆರು ತಿಂಗಳು ಎಣಿಸಿದರೂ ೩೬ ಗ್ರಾಂ ಆಯಿತು. ನವಮಾಸಗಳಲ್ಲಿ ಕೂಸಿಗೆ ಕೊಟ್ಟುದಕ್ಕಿಂತ ಇದು ಹೆಚ್ಚು. ಇದನ್ನು ದೇಹವು ಎರಡು ಬಗೆಯಿಂದ ಹೊಂದಿಸುತ್ತದೆ. ಮೂತ್ರದಲ್ಲಿ ಹೋಗುತ್ತಿದ್ದುದನ್ನು ಮೂತ್ರಪಿಂಡಗಳು ಹಿಡಿದಿಡುತ್ತವೆ. ಉಳಿದುದು ಎಲುಬಿನಿಂದ ಬರುತ್ತದೆ. ಹಾಲೂಡುವ ಕಾಲದಲ್ಲಿ ಈಸ್ಟ್ರೋಜನ್ ಎಂಬ ಸ್ತ್ರೀಚೋದಕ ತಗ್ಗಿರುತ್ತದೆ. ಸ್ತನಗಳೇ ಒಂದು ವಿಶೇಷ ಚೋದಕವನ್ನು ರಕ್ತಕ್ಕೆ ಬಿಟ್ಟು, ಎಲುಬಿನ ಭಂಡಾರವನ್ನು ತೆರೆಯುವಂತೆ ಆಜ್ಞೆ ಮಾಡುತ್ತವೆ. ಮೊದಲ ಮೂರರಿಂದ ಆರು ತಿಂಗಳುಗಳಲ್ಲಿ ಬೆನ್ನೆಲುಬಿನ ಸಾಂದ್ರತೆ ನೂರಕ್ಕೆ ೩ ರಿಂದ ೧೦ ರವರೆಗೆ ಇಳಿಯುವುದನ್ನು ಅನೇಕ ದೇಶಗಳ ವಿದ್ವಾಂಸರು ಅಳೆದು ನೋಡಿದ್ದಾರೆ.

ಇಷ್ಟನ್ನು ಕೇಳಿದವರು, ಮನೆಯ ಹಿರಿಯರ ಭಯವೇ ನಿಜವಾಯಿತಲ್ಲ ಎನ್ನಬಹುದು. ಆದರೆ ಕಥೆಯ ಉತ್ತರಾರ್ಧ ಇನ್ನೂ ಇದೆ. ಕೂಸು ಹಾಲು ಬಿಟ್ಟೊಡನೆ ಎಲುಬು ಕಟ್ಟುವ ಕಾರ್ಯ ವೇಗವಾಗಿ ಆರಂಭವಾಗುತ್ತದೆ. ಆರು ತಿಂಗಳಿಂದ ಒಂದು ವರ್ಷದೊಳಗೆ, ಹೋದ ಸಾಂದ್ರತೆ ಬಹುಮಟ್ಟಿಗೆ ತಿರುಗಿ ಬರುತ್ತದೆ. ಪ್ರಾಪ್ತವಯಸ್ಸಿನಲ್ಲಿ ಇಷ್ಟು ಶೀಘ್ರವಾಗಿ ಎಲುಬು ತುಂಬಿ ಬರುವ ಇನ್ನೊಂದು ಸಂದರ್ಭ ದೊರೆಯುವುದು ಕಷ್ಟ. ಹೆಚ್ಚು ಮಕ್ಕಳನ್ನು ಹೆತ್ತವರಲ್ಲಿ, ದೀರ್ಘಕಾಲ ಹಾಲೂಡಿದವರಲ್ಲಿ ಮುಪ್ಪಿನ ಎಲುಬುಮುರಿತ ಹೆಚ್ಚೆಂದು ಬಹುಪಾಲು ಅಧ್ಯಯನಗಳು ಕಂಡಿಲ್ಲ. ಆದುದರಿಂದ ತಾಯಿಯ ಎಲುಬನ್ನು ಉಳಿಸುವ ನೆಪದಲ್ಲಿ ಕೂಸಿನ ಬಾಯಿಯಿಂದ ಹಾಲು ಬಿಡಿಸುವುದು ಇಬ್ಬರಿಗೂ ಅನ್ಯಾಯ. ಮೊದಲ ಆರು ತಿಂಗಳು ಕೇವಲ ತಾಯಿಯ ಹಾಲು, ಅನಂತರ ಪೂರಕ ಆಹಾರದೊಡನೆ ಎರಡು ವರ್ಷ ಅಥವಾ ಮೇಲ್ಪಟ್ಟು ಹಾಲೂಡಿಕೆ ಎಂಬುದೇ ವಿಶ್ವ ಆರೋಗ್ಯ ಸಂಸ್ಥೆಯ ವಿಧಿ.

೪. ಹಾಗಾದರೆ ಬೆನ್ನು ಬಾಗುವುದೇಕೆ?

ತಾಯ್ತನ ಕಾರಣವಲ್ಲವಾದರೆ ನನ್ನ ತಾಯಿಯವರ ಬೆನ್ನು ಬಾಗಿದುದೇಕೆ? ಒಬ್ಬರ ವಿಷಯದಲ್ಲಿ ಇದಮಿತ್ಥಂ ಎಂದು ಹೇಳಲು ಬಾರದು. ಆದರೆ ಸಾಮಾನ್ಯ ಕಾರಣಗಳು ಸ್ಪಷ್ಟವಾಗಿವೆ.

ಮೊದಲನೆಯದು, ಮೂಲಧನದ ಕೊರತೆ. ಹೆಣ್ಣುಮಗಳ ಎಲುಬಿನ ಗರಿಷ್ಠ ಸಂಪತ್ತಿನಲ್ಲಿ ನೂರಕ್ಕೆ ಸುಮಾರು ೯೦ ರಷ್ಟು ೧೮ ವರ್ಷದೊಳಗೇ ಕೂಡಿಬರುತ್ತದೆ. ಆ ವಯಸ್ಸಿನಲ್ಲಿ ಅರೆಹೊಟ್ಟೆ ಉಂಡವಳು, ತನ್ನ ಎಲುಬು ಬೆಳೆಯುತ್ತಿರುವಾಗಲೇ ಬಸಿರಾದವಳು, ಭಂಡಾರವನ್ನು ತುಂಬಿಸುವ ಮೊದಲೇ ಕಡ ಕೊಡಬೇಕಾಗುತ್ತದೆ. ೨೦೦೬ ರ ಬಾಲ್ಯವಿವಾಹ ನಿಷೇಧ ಕಾಯಿದೆಯನ್ನು ಈ ದೃಷ್ಟಿಯಿಂದಲೂ ನೋಡಬೇಕು. ಎರಡನೆಯದು, ಮರುಪಾವತಿಗೆ ಅವಕಾಶವಿಲ್ಲದ ಜೀವನ. ಕೂಸು ಹಾಲು ಬಿಟ್ಟ ಮೇಲೆ ಎಲುಬು ತುಂಬಬೇಕಾದರೆ ಊಟ ಬೇಕು, ಬಿಸಿಲು ಬೇಕು, ಕಾಲವೂ ಬೇಕು. ಒಂದು ಹೆರಿಗೆಯಿಂದ ಮತ್ತೊಂದು ಗರ್ಭಧಾರಣೆಗೆ ಕನಿಷ್ಠ ೨೪ ತಿಂಗಳ ಅಂತರವಿರಲೆಂದು ವಿಶ್ವ ಆರೋಗ್ಯ ಸಂಸ್ಥೆ ತಾಯಿ ಮತ್ತು ಮಗುವಿನ ಸರ್ವಾಂಗೀಣ ಹಿತಕ್ಕಾಗಿ ಹೇಳಿದೆ. ಮೂರನೆಯದು, ಮುಟ್ಟು ನಿಲ್ಲುವ ಕಾಲ. ಆಗ ಈಸ್ಟ್ರೋಜನ್ ಶಾಶ್ವತವಾಗಿ ತಗ್ಗಿ ಎಲುಬು ವರ್ಷವರ್ಷವೂ ಕರಗುತ್ತದೆ. ಹಾಲೂಡುವಾಗ ಹೋದುದು ಕಡ. ಈಗ ಹೋಗುವುದು ನಷ್ಟ.

ನಾಲ್ಕನೆಯ ಕಾರಣ ನಮ್ಮ ನೆಲದ್ದು. ಯಾದಗಿರಿ ಜಿಲ್ಲೆಯ ಹಲವು ಗ್ರಾಮಗಳ ಅಂತರ್ಜಲದಲ್ಲಿ ಫ್ಲೋರೈಡ್ ಮಿತಿಮೀರಿದೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ ೧.೫ ಮಿಲಿಗ್ರಾಂ ದಾಟಬಾರದು. ಅತಿಯಾದ ಫ್ಲೋರೈಡ್ ಹಲ್ಲಿಗೆ ಕಲೆ ಹಿಡಿಸುವುದಲ್ಲದೆ ಕಾಲಾಂತರದಲ್ಲಿ ಎಲುಬು, ಕೀಲುಗಳನ್ನು ವಿಕೃತಗೊಳಿಸುತ್ತದೆ. ಕ್ಯಾಲ್ಸಿಯಮ್ಮಿನ ಕೊರತೆಯಿದ್ದವರಲ್ಲಿ ಈ ಪೀಡೆ ಇನ್ನೂ ತೀವ್ರ. ಬಸುರಿ, ಬಾಣಂತಿಯರಿರುವ ಮನೆಗೆ ಶುದ್ಧೀಕರಿಸಿದ ನೀರು ಮೊದಲು ಮುಟ್ಟಬೇಕು.

೫. ನಮ್ಮ ಸೀಮೆಯ ತಟ್ಟೆ

ಭೀಮಾ, ಕೃಷ್ಣೆಯರ ನಡುವಣ ಈ ವಡಗೇರಾ ಸೀಮೆಯ ಮುಖ್ಯಾಹಾರ ಜೋಳದ ರೊಟ್ಟಿ. ಕಾಲುವೆಯ ನೀರು ಬಂದ ಕಡೆ ಅನ್ನವೂ ಹೆಚ್ಚಿದೆ. ಜೋಳವು ಬಲ ಕೊಡುವ ಧಾನ್ಯ. ಅದನ್ನು ನಾನು ಹಳಿಯಲಾರೆ. ಆದರೆ ಎಲುಬಿನ ವಿಷಯದಲ್ಲಿ ಅದು ಬಡವ. ೧೦೦ ಗ್ರಾಂ ಜೋಳದಲ್ಲಿ ೨೫ ರಿಂದ ೨೮ ಮಿಲಿಗ್ರಾಂ ಕ್ಯಾಲ್ಸಿಯಂ ಇದ್ದರೆ, ಅಷ್ಟೇ ರಾಗಿಯಲ್ಲಿ ಸುಮಾರು ೩೫೦ ಮಿಲಿಗ್ರಾಂ ಇದೆ. ಅಕ್ಕಿಯಲ್ಲಿ ಜೋಳಕ್ಕಿಂತಲೂ ಕಡಿಮೆ. ದಿನಕ್ಕೆ ೪೦೦ ಗ್ರಾಂ ಹಿಟ್ಟಿನ ರೊಟ್ಟಿ ಉಂಡರೂ ದೊರೆಯುವುದು ೧೧೦ ಮಿಲಿಗ್ರಾಂ ಮಾತ್ರ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ೨೦೨೦ ರಲ್ಲಿ ವಿಧಿಸಿದ ಪ್ರಮಾಣವಾದರೋ ಗರ್ಭಿಣಿಗೆ ದಿನಕ್ಕೆ ೧೦೦೦, ಹಾಲೂಡುವ ತಾಯಿಗೆ ೧೨೦೦ ಮಿಲಿಗ್ರಾಂ.

ಈ ಅಂತರವನ್ನು ತುಂಬುವ ಪದಾರ್ಥಗಳು ನಮ್ಮ ಅಡುಗೆಮನೆಯಲ್ಲಿಯೇ ಇವೆ. ಅರ್ಧ ಲೀಟರು ಹಾಲು ಅಥವಾ ಅಷ್ಟು ಹಾಲಿನ ಮೊಸರು ೬೦೦ ಮಿಲಿಗ್ರಾಮಿನಷ್ಟನ್ನು ಕೊಡುತ್ತದೆ. ಎಳ್ಳು ಈ ಸತ್ವದ ಗಣಿ: ೧೦೦ ಗ್ರಾಮಿನಲ್ಲಿ ೧೨೦೦ ಮಿಲಿಗ್ರಾಮಿಗೂ ಮಿಗಿಲು. ಆದರೆ ಅದರ ಸಿಪ್ಪೆಯಲ್ಲಿಯ ಆಕ್ಸಲೇಟು ಅದನ್ನು ಪೂರ್ಣವಾಗಿ ದಕ್ಕಗೊಡದು. ಹಾಗಾಗಿ ಎಳ್ಳನ್ನು ಹಾಲಿಗೆ ಜೊತೆಯಾಗಿ ಬಳಸಬೇಕೇ ಹೊರತು ಬದಲಾಗಿ ಅಲ್ಲ. ರೊಟ್ಟಿಯ ಮಗ್ಗುಲಿಗೆ ಗುರೆಳ್ಳಿನ ಹಿಂಡಿ, ನುಗ್ಗೆಸೊಪ್ಪಿನ ಪಲ್ಯ, ವಾರಕ್ಕೆರಡು ಮೂರು ಸಲ ರಾಗಿಯ ಅಂಬಲಿ, ನಿತ್ಯ ಒಂದು ತಂಬಿಗೆ ಮಜ್ಜಿಗೆ, ಇವು ಬಡವರಿಗೂ ಎಟುಕುವಂಥವು. ಬಾಣಂತಿಗೆ ಕೊಡುವ ಅಳವಿಯ ಪಾಯಸದಲ್ಲಿಯೂ ಒಳ್ಳೆಯ ಪ್ರಮಾಣದ ಕ್ಯಾಲ್ಸಿಯಂ ಮತ್ತು ಕಬ್ಬಿಣ ಇವೆ. ಕೊಬ್ಬರಿ, ಉತ್ತತ್ತಿ, ಗಸಗಸೆ ಕೂಡಿಸಿದ ಅಂಟಿನುಂಡಿ ಕಟ್ಟಿದ ಅಜ್ಜಿಯರು ಅಕ್ಷರ ಬಲ್ಲವರಲ್ಲದಿರಬಹುದು, ಅವಿವೇಕಿಗಳಂತೂ ಅಲ್ಲ. ತಾಂಬೂಲದ ಸುಣ್ಣದಲ್ಲಿ ಕ್ಯಾಲ್ಸಿಯಂ ಇದೆಯಲ್ಲ ಎಂದು ಕೆಲವರು ವಾದಿಸುವುದುಂಟು. ಇದೆ, ನಿಜ, ಆದರೆ ಅದರೊಡನೆ ಬರುವ ಅಡಿಕೆ ಮತ್ತು ತಂಬಾಕು ಅರ್ಬುದರೋಗಕ್ಕೆ ಕಾರಣವಾಗುವುದರಿಂದ ಅದನ್ನು ಆಹಾರವೆಂದು ಎಣಿಸಲಾಗದು.

ಕಷ್ಟವಿರುವುದು ಪದಾರ್ಥದ ಅಭಾವದಲ್ಲಿ ಮಾತ್ರವಲ್ಲ, ಪಂಕ್ತಿಯ ಕ್ರಮದಲ್ಲಿಯೂ ಇದೆ. ಮನೆಯಲ್ಲಿ ಎಮ್ಮೆ ಕರೆದರೂ ಹಾಲು ಮೊದಲು ಡೇರಿಗೆ, ಆಮೇಲೆ ಗಂಡಸರ ಚಹಕ್ಕೆ, ಮಿಕ್ಕರೆ ಮಕ್ಕಳಿಗೆ. ಎಲ್ಲರೂ ಉಂಡೆದ್ದ ಮೇಲೆ ಉಣ್ಣುವ ಸೊಸೆಯ ಪಾಲಿಗೆ ಗಡಿಗೆಯ ತಳ. ಕೂಸಿಗೆ ಎಲುಬು ಕಟ್ಟುವವಳೇ ಕೊನೆಯ ಪಂಕ್ತಿಯಲ್ಲಿರುವ ಈ ಕ್ರಮವನ್ನು ತಿದ್ದಲು ಹಣ ಬೇಕಿಲ್ಲ, ಮನಸ್ಸು ಬೇಕು.

೬. ಬಾಣಂತಿಯ ಕೋಣೆ ಮತ್ತು ಬಿಸಿಲು

ಉಂಡ ಕ್ಯಾಲ್ಸಿಯಂ ದೇಹಕ್ಕೆ ದಕ್ಕಬೇಕಾದರೆ ‘ಡಿ’ ಜೀವಸತ್ವ ಅವಶ್ಯ. ಅದು ಆಹಾರದಲ್ಲಿ ವಿರಳ. ಬಿಸಿಲು ಚರ್ಮಕ್ಕೆ ತಾಗಿದಾಗ ದೇಹದಲ್ಲಿಯೇ ಉತ್ಪತ್ತಿಯಾಗುತ್ತದೆ. ನಮ್ಮ ಕಡೆ ಬಿಸಿಲಿಗೆ ಬರವಿಲ್ಲ. ಆದರೂ ಬಾಣಂತಿಯನ್ನು ಕತ್ತಲೆಕೋಣೆಯಲ್ಲಿ ಕಿವಿಗೆ ಬಟ್ಟೆ ಸುತ್ತಿ ತಿಂಗಳುಗಟ್ಟಲೆ ಇರಿಸುವ ಪದ್ಧತಿ ಹಲವೆಡೆ ಉಳಿದಿದೆ. ವಿಶ್ರಾಂತಿ, ಅಭ್ಯಂಗ, ಪುಷ್ಟಿಕರ ಆಹಾರಗಳೆಂಬ ಅದರ ಗುಣಗಳನ್ನು ಉಳಿಸಿಕೊಂಡು ಕತ್ತಲೆಯೊಂದನ್ನು ಬಿಡಬೇಕು. ಮೊಸರು, ಮಜ್ಜಿಗೆ, ಸೊಪ್ಪುಗಳು ಶೀತವೆಂದು ತಿಂಗಳುಗಟ್ಟಲೆ ದೂರವಿಡುವುದನ್ನೂ ಬಿಡಬೇಕು.

ಬಿಸಿಲಿಲ್ಲದ ತಾಯ್ತನದ ಪರಿಣಾಮವನ್ನು ಅರಿಯಲು ನಮ್ಮ ದೇಶದ್ದೇ ಒಂದು ನಿದರ್ಶನವಿದೆ. ಕಾಶ್ಮೀರದಲ್ಲಿ ವೈದ್ಯೆಯಾಗಿದ್ದ ಕ್ಯಾಥ್ಲೀನ್ ವಾಘನ್ ಎಂಬಾಕೆ ೧೯೨೮ ರಲ್ಲಿ ಪರದಾ ಪದ್ಧತಿ ಮತ್ತು ತಾಯ್ತನವನ್ನು ಕುರಿತು ಒಂದು ಗ್ರಂಥವನ್ನು ಪ್ರಕಟಿಸಿದರು. ಮನೆಯೊಳಗೇ ಬಂಧಿತರಾಗಿದ್ದ ಹೆಂಗಸರಲ್ಲಿ ಎಲುಬು ಮೆತ್ತಗಾಗುವ ರೋಗ ಹಬ್ಬಿ, ಕಟಿಯ ಎಲುಬುಗಳು ವಿಕಾರಗೊಂಡು, ಹೆರಿಗೆಯೇ ಪ್ರಾಣಾಂತಿಕವಾಗುತ್ತಿತ್ತು. ಅದೇ ಕಣಿವೆಯಲ್ಲಿ ದೋಣಿಗಳ ಮೇಲೆ ಬಿಸಿಲಿನಲ್ಲಿ ದುಡಿಯುತ್ತಿದ್ದ ಬಡ ಹೆಂಗಸರಿಗೆ ಆ ಬಾಧೆ ಇರಲಿಲ್ಲ. ಅದೇ ದೇಶ, ಅದೇ ತಾಯ್ತನ. ಭೇದವನ್ನು ಮಾಡಿದುದು ಮುಖ್ಯವಾಗಿ ಸೂರ್ಯಪ್ರಕಾಶ. ಎದೆಹಾಲಿನಲ್ಲಿ ‘ಡಿ’ ಜೀವಸತ್ವ ಅತ್ಯಲ್ಪವಾದುದರಿಂದ ಕೂಸಿಗೆ ಅದನ್ನು ಹನಿಯ ರೂಪದಲ್ಲಿ ಕೊಡುವಂತೆ ಮಕ್ಕಳ ವೈದ್ಯರು ಹೇಳುತ್ತಾರೆ. ಅದನ್ನು ತಪ್ಪದೆ ಪಾಲಿಸಬೇಕು.

೭. ಮಾತ್ರೆಗಳ ಮಾತು

ಗರ್ಭಿಣಿಯರಿಗೂ ಬಾಣಂತಿಯರಿಗೂ ಸರಕಾರದ ವತಿಯಿಂದ ಕ್ಯಾಲ್ಸಿಯಂ ಮಾತ್ರೆಗಳು ದೊರೆಯುತ್ತವೆ. ಕೇಂದ್ರ ಸರಕಾರದ ೨೦೧೪ ರ ಮಾರ್ಗಸೂಚಿಯಂತೆ ಗರ್ಭದ ೧೪ ನೆಯ ವಾರದಿಂದ ಹೆರಿಗೆಯಾದ ಆರು ತಿಂಗಳವರೆಗೆ, ೫೦೦ ಮಿಲಿಗ್ರಾಮಿನ ಒಂದೊಂದು ಮಾತ್ರೆಯನ್ನು ದಿನಕ್ಕೆರಡು ಸಲ ಊಟದೊಡನೆ ಸೇವಿಸಬೇಕು. ಕಬ್ಬಿಣದ ಮಾತ್ರೆಯನ್ನು ಇದರೊಡನೆ ಸೇವಿಸಬಾರದು; ಒಂದು ಮತ್ತೊಂದನ್ನು ತಡೆಯುತ್ತದೆ. ಎರಡನ್ನೂ ಒಟ್ಟಿಗೆ ನುಂಗಿ ಕರ್ತವ್ಯ ಮುಗಿಯಿತೆಂದುಕೊಳ್ಳುವವರು ಬಹಳ.

ಮಾತ್ರೆಯ ಉದ್ದೇಶ ಎಲುಬೊಂದೇ ಅಲ್ಲ. ಊಟದಲ್ಲಿ ಕ್ಯಾಲ್ಸಿಯಂ ಕಡಿಮೆಯಿರುವ ಗರ್ಭಿಣಿಯರಲ್ಲಿ ರಕ್ತದೊತ್ತಡ ಏರಿ ನಂಜಿನ ಸ್ಥಿತಿ ಉಂಟಾಗುವ ಅಪಾಯವನ್ನು ಅದು ತಗ್ಗಿಸುತ್ತದೆ. ಎಷ್ಟು ಪ್ರಮಾಣ ಸಾಕೆಂಬುದನ್ನು ಅರಿಯಲು ಬೆಂಗಳೂರಿನಲ್ಲಿ ೧೧,೦೦೦ ಚೊಚ್ಚಲ ಗರ್ಭಿಣಿಯರ ಮೇಲೆ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯ ವಿದ್ವಾಂಸರು ನಡೆಸಿದ ಪ್ರಯೋಗದ ಫಲ ೨೦೨೪ ರಲ್ಲಿ ಪ್ರಕಟವಾಯಿತು. ಈ ಅಪಾಯವನ್ನು ತಡೆಯುವಲ್ಲಿ ದಿನಕ್ಕೆ ೫೦೦ ಮಿಲಿಗ್ರಾಂ, ೧೫೦೦ ಮಿಲಿಗ್ರಾಮಿಗೆ ಕಡಿಮೆಯಲ್ಲವೆಂದು ಅದರಿಂದ ವಿದಿತವಾಯಿತು. ಇನ್ನು ಹಾಲೂಡುವಾಗ ಎಲುಬಿನಿಂದ ಹೋಗುವ ಕಡವನ್ನು ಮಾತ್ರೆ ತಡೆಯದು. ಅದು ಚೋದಕಗಳ ಆಜ್ಞೆಯಿಂದ ಆಗುವಂಥದು. ಮಾತ್ರೆ, ಹಾಲು, ಊಟಗಳ ಫಲವೆಂದರೆ ತಾಯಿಯ ಒಟ್ಟು ಕೊರತೆಯನ್ನು ನೀಗಿಸಿ ಮರುಪಾವತಿಗೆ ಸಾಮಗ್ರಿಯನ್ನು ಒದಗಿಸುವುದು. ವೈದ್ಯರ ಸಲಹೆಯಿಲ್ಲದೆ ಪ್ರಮಾಣವನ್ನು ಹೆಚ್ಚಿಸುವುದೂ ಸಲ್ಲದು, ಬಿಡುವುದೂ ಸಲ್ಲದು.

ಇಲ್ಲಿಯೇ ಒಂದು ಎಚ್ಚರಿಕೆಯನ್ನೂ ಹೇಳಬೇಕು. ವಿರಳವಾಗಿ ಕೆಲವು ತಾಯಂದಿರಲ್ಲಿ ಗರ್ಭದ ಕೊನೆಯಲ್ಲಾಗಲಿ ಹೆರಿಗೆಯ ತರುವಾಯವಾಗಲಿ ಬೆನ್ನೆಲುಬಿನ ಮಣಿಗಳು ಕುಸಿಯುವುದುಂಟು. ಬ್ರಿಟನ್ನಿನ ನಾರ್ಡಿನ್ ಮತ್ತು ರೋಪರ್ ಎಂಬ ವೈದ್ಯರು ೧೯೫೫ ರಲ್ಲಿ ಇದನ್ನು ವರ್ಣಿಸಿದರು. ಬಾಣಂತಿಗೆ ಬೆನ್ನುನೋವು ಸಹಜವೆಂಬುದು ನಿಜವಾದರೂ, ಒಮ್ಮೆಲೆ ಬಂದ ತೀವ್ರ ನೋವು, ಎದ್ದು ಕೂಡಲಾರದ ಸ್ಥಿತಿ, ಎತ್ತರ ಕುಗ್ಗಿದಂತೆ ಕಾಣುವುದು, ತೊಡೆ ಮತ್ತು ಸೊಂಟದ ನೋವಿನಿಂದ ನಡಿಗೆ ಕೆಡುವುದು, ಇವುಗಳಲ್ಲಿ ಯಾವುದಿದ್ದರೂ ‘ಹಡೆದವರಿಗೆಲ್ಲ ಇರುವುದೇ’ ಎಂದು ಸುಮ್ಮನಿರದೆ ವೈದ್ಯರಲ್ಲಿಗೆ ಕರೆದೊಯ್ಯಬೇಕು.

೮. ಶಾಲೆಯ ಕರ್ತವ್ಯ

ಈ ವಿಷಯಕ್ಕೂ ವಿದ್ಯಾಲಯದ ಸಂಚಿಕೆಗೂ ಏನು ಸಂಬಂಧವೆಂದು ಕೆಲವರಿಗೆ ತೋರಬಹುದು. ಸಂಬಂಧ ನೇರವಾಗಿದೆ. ಹತ್ತರಿಂದ ಹದಿನೆಂಟು ವರ್ಷದೊಳಗೆ ಎಲುಬಿನ ಮೂಲಧನ ಕೂಡುತ್ತದೆಂದೆವಷ್ಟೆ. ಆ ವರ್ಷಗಳು ನಮ್ಮ ಬೆಂಚುಗಳ ಮೇಲೆ ಕಳೆಯುತ್ತವೆ. ರಾಜ್ಯದಲ್ಲಿ ೨೦೧೩ ರಲ್ಲಿ ಆರಂಭವಾದ ಕ್ಷೀರಭಾಗ್ಯವೂ, ೨೦೨೪ ರಲ್ಲಿ ಶಾಲೆಯ ಹಾಲಿಗೆ ರಾಗಿಯ ಪುಡಿಯನ್ನು ಬೆರೆಸಲು ತೊಡಗಿದ ಕ್ರಮವೂ ಈ ಮೂಲಧನಕ್ಕೆ ಸಂದ ಕಾಣಿಕೆಗಳೇ. ೨೦೧೭ ರ ಅಕ್ಟೋಬರ್ ೨ ರಂದು ಆರಂಭವಾದ ಮಾತೃಪೂರ್ಣ ಯೋಜನೆಯು ಗರ್ಭಿಣಿ, ಬಾಣಂತಿಯರಿಗೆ ಅಂಗನವಾಡಿಯಲ್ಲಿ ಬಿಸಿಯೂಟದೊಡನೆ ೨೦೦ ಮಿಲಿಲೀಟರು ಹಾಲನ್ನೂ ಶೇಂಗಾಚಿಕ್ಕಿಯನ್ನೂ ಕೊಡುವ ಸಂಕಲ್ಪ ಮಾಡಿತು.

ಶಿಕ್ಷಕಬಂಧುಗಳು ಹೆಣ್ಣುಮಕ್ಕಳನ್ನು ಆಟದ ಬಯಲಿಗೆ ಇಳಿಸಬೇಕು. ಜಿಗಿತ, ಓಟ, ಖೋಖೋಗಳಿಂದ ಎಲುಬು ಗಟ್ಟಿಯಾಗುತ್ತದೆ, ಬಿಸಿಲೂ ತಾಗುತ್ತದೆ. ಆಟದ ಅವಧಿಯಲ್ಲಿ ಹುಡುಗಿಯರನ್ನು ನೆರಳಿನಲ್ಲಿ ಕೂಡಿಸುವುದು ಸಂಕೋಚವೆನಿಸಬಹುದು, ಹಿತವಲ್ಲ. ದಾನಿಗಳು ಕಟ್ಟಡಕ್ಕೆ ಕೊಡುವಂತೆಯೇ ಒಂದು ಶುದ್ಧ ನೀರಿನ ಘಟಕಕ್ಕೆ, ವಿದ್ಯಾರ್ಥಿನಿಯರ ಒಂದು ಲೋಟ ಹಾಲಿಗೆ ಕೊಟ್ಟರೆ, ಆ ದಾನವು ಮೂರು ತಲೆಮಾರುಗಳ ಎಲುಬಿನಲ್ಲಿ ಉಳಿಯುತ್ತದೆ. ಹಳೆಯ ವಿದ್ಯಾರ್ಥಿಗಳು ತಮ್ಮ ತಮ್ಮ ಮನೆಗಳಲ್ಲಿ ಮೊದಲ ಪಂಕ್ತಿಯನ್ನು ಬಸುರಿಗೂ ಬಾಣಂತಿಗೂ ಬಿಟ್ಟುಕೊಟ್ಟರೆ ಈ ಲೇಖನ ಸಾರ್ಥಕವಾದೀತು.

ಉಪಸಂಹಾರ

ನನ್ನ ಮಗಳು ಆರು ತಿಂಗಳು ಕೇವಲ ಎದೆಹಾಲನ್ನೂ, ಆಮೇಲೆ ಅಂಬಲಿ, ಅನ್ನಗಳೊಡನೆ ಎರಡು ವರ್ಷದವರೆಗೆ ಹಾಲನ್ನೂ ಕೂಸಿಗೆ ಕೊಟ್ಟಳು. ಬಾಣಂತಿಯ ಕೋಣೆಯ ಕಿಟಕಿಯನ್ನು ನಾನೇ ತೆರೆದೆ. ಹಟ ಹಿಡಿದಿದ್ದ ಹಿರಿಯರೇ ಮುಂದೆ ಅವಳ ಹೊರಸನ್ನು ಪಡಸಾಲೆಯ ಬಿಸಿಲಿಗೆ ಹಾಕಿಸಿದರು. ನನ್ನ ತಾಯಿಯವರಿಗೆ ನಾನು ಈ ತಿಳಿವಳಿಕೆಯಿಂದ ಏನನ್ನೂ ಮಾಡಲಾಗಲಿಲ್ಲ. ಏಳು ಸಲ ಕಡ ಕೊಟ್ಟ ಆ ದೇಹಕ್ಕೆ ತಿರುಗಿ ಕೊಡುವ ಹೊಣೆ ಮನೆಯದಾಗಿತ್ತು. ಮನೆ ಅದನ್ನು ಅರಿಯಲಿಲ್ಲ. ಪ್ರಕೃತಿ ತನ್ನ ಕಡವನ್ನು ತೀರಿಸಲು ಸಿದ್ಧವಾಗಿಯೇ ಇದೆ. ಅದಕ್ಕೆ ಬೇಕಾದ ಹಾಲು, ಕಾಳು, ಬಿಸಿಲು, ಬಿಡುವುಗಳನ್ನು ಒದಗಿಸುವುದು ನಮ್ಮ ಪಾಲಿನ ಕರ್ತವ್ಯ. ಮಾತೃಋಣದಲ್ಲಿ ತೀರಿಸಲು ಸಾಧ್ಯವಾದ ಭಾಗ ಇಷ್ಟು. ಇದನ್ನಾದರೂ ಬಾಕಿ ಉಳಿಸದಿರೋಣ. ಇತ್ಯಲಂ.